ಎರಡು ಸರ್ಕಾರಿ ವಿಶ್ವವಿದ್ಯಾಲಯಗಳನ್ನು ಹೋಲಿಸುವುದು ಹೇಗೆ? ಮೊದಲು ರ‍್ಯಾಂಕ್ ಪಟ್ಟಿ ಬಿಚ್ಚಿ ನೋಡಿ

ಎರಡು ಸರ್ಕಾರಿ ವಿಶ್ವವಿದ್ಯಾಲಯಗಳಲ್ಲಿ ಸೀಟು ಸಿಕ್ಕಿದೆ ಅಂದುಕೊಳ್ಳಿ. ಒಂದರ ರ‍್ಯಾಂಕ್ 180, ಇನ್ನೊಂದರದ್ದು 240. ಮನೆಯವರೆಲ್ಲ 180ರ ಕಡೆಗೇ. ‘ಅದಕ್ಕೇ ಹೆಸರು ಜಾಸ್ತಿ ಅಲ್ವಾ?’ ಅನ್ನುತ್ತಾರೆ. ಹೆಸರು ಜಾಸ್ತಿ ಇರಬಹುದು, ಸುಳ್ಳಲ್ಲ. ಆದರೆ ನೀವು ಸೇರುವ ವಿಭಾಗದಲ್ಲಿ ಪಾಠ ಸರಿಯಾಗಿ ನಡೆಯುತ್ತದಾ, ಲ್ಯಾಬ್ ಬಾಗಿಲು ತೆರೆದಿರುತ್ತದಾ ಎಂಬುದು ಬೇರೆಯೇ ಪ್ರಶ್ನೆ. ಅದಕ್ಕೆ 180 ಎಂಬ ಅಂಕಿಯಲ್ಲಿ ಉತ್ತರ ಇಲ್ಲ. ಗುಣಮಟ್ಟ ಒಂದು, ಹೆಸರು ಇನ್ನೊಂದು. ಎರಡನ್ನೂ ಬೇರೆ ಬೇರೆಯಾಗಿ ನೋಡಬೇಕು. ಒಂದೆರಡು ಸಂಜೆಯ ಕೆಲಸ ಅಷ್ಟೇ.

ಮೊದಲ ಹೆಜ್ಜೆ ತುಂಬಾ ಸಣ್ಣದು, ಆದರೆ ಹೆಚ್ಚಿನವರು ಬಿಟ್ಟುಬಿಡುವುದೂ ಇದನ್ನೇ. ಒಂದು ಹಾಳೆ ತೆಗೆದುಕೊಂಡು ನಿಮಗೆ ಏನು ಬೇಕು ಎಂದು ಒಂದೇ ಸಾಲಿನಲ್ಲಿ ಬರೆಯಿರಿ. ಡಿಗ್ರಿ ಮುಗಿಸಿ ಕೆಲಸಕ್ಕೆ ಹೋಗಬೇಕಾ? ಮುಂದೆ ಓದಬೇಕಾ? ಪಿಎಚ್‌.ಡಿ. ಮಾಡುವುದಾದರೆ ಗೈಡ್ ಯಾರು ಎಂಬುದೇ ಅರ್ಧ ಉತ್ತರ, ವಿಶ್ವವಿದ್ಯಾಲಯದ ಹೆಸರು ಆಮೇಲೆ. ಡಿಗ್ರಿಗೆ ಸೇರುವವರಿಗಾದರೆ ಅಲ್ಲಿ ಎಷ್ಟು ನೊಬೆಲ್ ಬಂದಿವೆ ಎಂಬುದರಿಂದ ಆಗಬೇಕಾದ್ದು ಹೆಚ್ಚೇನೂ ಇಲ್ಲ.

ನೊಬೆಲ್ ವಿಷಯ ಸುಮ್ನೆ ಎತ್ತಲಿಲ್ಲ. ಜಗತ್ತಿನ ವಿಶ್ವವಿದ್ಯಾಲಯಗಳಿಗೆ ಸ್ಥಾನ ಕೊಡುವ, 2003ರಲ್ಲಿ ಶುರುವಾದ ಶಾಂಘೈ ರ‍್ಯಾಂಕಿಂಗ್‌ನಲ್ಲಿ 100ಕ್ಕೆ 30 ಅಂಕ ಹಳೆಯ ವಿದ್ಯಾರ್ಥಿಗಳು ಮತ್ತು ಅಧ್ಯಾಪಕರು ಗೆದ್ದ ನೊಬೆಲ್ ಮತ್ತು ಗಣಿತದ ಫೀಲ್ಡ್ಸ್ ಪದಕಗಳಿಗೇ ಹೋಗುತ್ತದೆ. ಐನ್‌ಸ್ಟೈನ್ ಅವರ ನೊಬೆಲ್ ಯಾರ ಲೆಕ್ಕಕ್ಕೆ ಎಂದು ಬರ್ಲಿನ್‌ನ ಎರಡು ವಿಶ್ವವಿದ್ಯಾಲಯಗಳ ನಡುವೆ ತಕರಾರೇ ನಡೆದಿತ್ತು. ಅದರಲ್ಲಿ ಒಂದು ಹುಟ್ಟಿದ್ದೇ 1948ರಲ್ಲಿ! ನಿಮ್ಮ ಮೊದಲ ಸೆಮಿಸ್ಟರ್ ಪಾಠಕ್ಕೂ ಇದಕ್ಕೂ ಏನು ಸಂಬಂಧ ಹೇಳಿ.

ಹಾಗಾಗಿ ಎರಡನೇ ಹೆಜ್ಜೆ: ರ‍್ಯಾಂಕ್ ನೋಡುವ ಮೊದಲು ಆ ಪಟ್ಟಿ ಯಾವುದಕ್ಕೆ ಎಷ್ಟು ಅಂಕ ಕೊಡುತ್ತದೆ ಎಂದು ನೋಡಿ. ಹೆಚ್ಚಿನ ಪಟ್ಟಿಗಳು ‘ಮೆಥಡಾಲಜಿ’ ಎಂಬ ಪುಟದಲ್ಲಿ ಇದನ್ನು ಹಾಕಿರುತ್ತವೆ. ಕ್ಯೂಎಸ್ ಎಂಬ ಇನ್ನೊಂದು ಜಾಗತಿಕ ಪಟ್ಟಿ 2024ರ ಆವೃತ್ತಿಯಲ್ಲಿ ತನ್ನ ಲೆಕ್ಕ ಬದಲಿಸಿಕೊಂಡಿತು. ಬದಲಾದ ಮೇಲೂ ಪ್ರೊಫೆಸರ್‌ಗಳ ಅಭಿಪ್ರಾಯ ಸಮೀಕ್ಷೆಗೆ 30, ಕೆಲಸ ಕೊಡುವವರ ಅಭಿಪ್ರಾಯಕ್ಕೆ 15 ಅಂಕ ಉಳಿದವು. ಅಂದರೆ ಹತ್ತಿರ ಹತ್ತಿರ ಅರ್ಧದಷ್ಟು ಬರೀ ಹೆಸರು. ಭಾರತ ಸರ್ಕಾರದ ಎನ್‌ಐಆರ್‌ಎಫ್ ಪಟ್ಟಿಯಲ್ಲಿ ಜನಾಭಿಪ್ರಾಯದ ಪಾಲು 10, ಕಲಿಕೆ ಮತ್ತು ಸೌಲಭ್ಯಗಳದ್ದು 30. ಒಂದೇ ವಿಶ್ವವಿದ್ಯಾಲಯ ಒಂದು ಪಟ್ಟಿಯಲ್ಲಿ ಮೇಲೆ, ಇನ್ನೊಂದರಲ್ಲಿ ಕೆಳಗೆ ಕಾಣುವುದು ಇದಕ್ಕೇ. ಅಭಿಪ್ರಾಯ ಕೇಳಿದಾಗ ಜನ ತಮಗೆ ಮೊದಲೇ ಗೊತ್ತಿರುವ ಹೆಸರನ್ನೇ ಹೇಳುತ್ತಾರೆ, ಆ ಹೆಸರು ಪಟ್ಟಿಯಲ್ಲಿ ಮೇಲೆ ಬರುತ್ತದೆ, ಮುಂದಿನ ವರ್ಷ ಇನ್ನಷ್ಟು ಜನಕ್ಕೆ ಗೊತ್ತಾಗುತ್ತದೆ. ಗಾಣದೆತ್ತಿನ ಸುತ್ತು ಇದು.

ಲೆಕ್ಕ ಹಾಕುವ ರೀತಿಯಲ್ಲಿ ಸ್ವಲ್ಪ ಏರುಪೇರಾದರೂ ಏನಾಗುತ್ತದೆ ಗೊತ್ತಾ? ಮಲೇಷ್ಯಾದ ಮಲಯ ವಿಶ್ವವಿದ್ಯಾಲಯ 2004ರಲ್ಲಿ ಒಂದು ಜಾಗತಿಕ ಪಟ್ಟಿಯಲ್ಲಿ 89ನೇ ಸ್ಥಾನಕ್ಕೆ ಬಂತು, ಸಂಭ್ರಮವೋ ಸಂಭ್ರಮ. ಮರುವರ್ಷವೇ 169. ದೊಡ್ಡ ಗದ್ದಲವಾಯಿತು. ಪಾಠವೇನೂ ಒಂದು ವರ್ಷದಲ್ಲಿ ಕೆಟ್ಟಿರಲಿಲ್ಲ. ಚೀನಾ ಮತ್ತು ಭಾರತ ಮೂಲದ ಮಲೇಷ್ಯಾ ಪ್ರಜೆಗಳನ್ನೇ ಮೊದಲ ವರ್ಷ ವಿದೇಶಿಯರೆಂದು ಎಣಿಸಲಾಗಿತ್ತು, ಆ ತಪ್ಪು ತಿದ್ದಿದ್ದು ಕುಸಿತಕ್ಕೆ ಒಂದು ಮುಖ್ಯ ಕಾರಣ. ಈಜಿಪ್ಟಿನ ಅಲೆಕ್ಸಾಂಡ್ರಿಯಾ ವಿಶ್ವವಿದ್ಯಾಲಯದ ಕಥೆ ಇನ್ನೂ ಮಜವಾಗಿದೆ. 2010ರ ಟೈಮ್ಸ್ ಹೈಯರ್ ಎಜುಕೇಷನ್ ಪಟ್ಟಿಯಲ್ಲಿ, ಸಂಶೋಧನಾ ಲೇಖನಗಳನ್ನು ಬೇರೆಯವರು ಎಷ್ಟು ಉಲ್ಲೇಖಿಸಿದ್ದಾರೆ ಎಂಬ ಲೆಕ್ಕದಲ್ಲಿ, ಅದು ಇಡೀ ಜಗತ್ತಿಗೆ ನಾಲ್ಕನೆಯದು! ಕೆದಕಿ ನೋಡಿದರೆ ಒಬ್ಬರೇ ಸಂಶೋಧಕರು ತಾವೇ ಸಂಪಾದಕರಾಗಿದ್ದ ಜರ್ನಲ್‌ನಲ್ಲಿ ಬರೆದ ರಾಶಿ ಲೇಖನಗಳು ಆ ಅಂಕಿಯನ್ನು ಉಬ್ಬಿಸಿದ್ದವು.

ಇನ್ನೂ ಒಂದು ಮಾತು. ಪಟ್ಟಿ ಮಾಡುವವರೇ ಕೆಳಗೆ ಹೋದಂತೆ ಒಂದೊಂದೇ ಸ್ಥಾನ ಕೊಡುವುದನ್ನು ನಿಲ್ಲಿಸುತ್ತಾರೆ. ಶಾಂಘೈ ಪಟ್ಟಿಯಲ್ಲಿ 100ರ ನಂತರ 101–150 ಎಂಬ ಗುಂಪು ಬರುತ್ತದೆ. ಅಲ್ಲಿಂದ ಮುಂದೆ ಅಂಕಗಳ ಅಂತರ ಕೂದಲೆಳೆಯಷ್ಟು ಎಂದು ಅವರಿಗೂ ಗೊತ್ತು. ಹಾಗಾಗಿ 180 ಮತ್ತು 240ರ ನಡುವಿನ ಅಂತರಕ್ಕೆ ನಿದ್ದೆ ಕೆಡಿಸಿಕೊಳ್ಳಬೇಡಿ. 30 ಮತ್ತು 600 ಆದರೆ ಸರಿ, ಏನೋ ವ್ಯತ್ಯಾಸ ಇದೆ. ಪಟ್ಟಿಯಲ್ಲಿ ಹೆಸರೇ ಇಲ್ಲ ಅಂದರೂ ಕಳಪೆ ಅಂತಲ್ಲ. ನೆದರ್ಲೆಂಡ್ಸ್‌ನ ಉಟ್ರೆಕ್ಟ್ 2023ರಲ್ಲಿ ತಾನಾಗಿಯೇ ಟೈಮ್ಸ್ ಪಟ್ಟಿಯಿಂದ ಹೊರಗೆ ಉಳಿಯಿತು, ಮರುವರ್ಷ ಸ್ವಿಟ್ಜರ್ಲೆಂಡ್‌ನ ಜ್ಯೂರಿಕ್ ವಿಶ್ವವಿದ್ಯಾಲಯವೂ ಅದೇ ದಾರಿ ಹಿಡಿಯಿತು.

ಈಗ ಪಟ್ಟಿ ಮುಚ್ಚಿಟ್ಟು ವಿಭಾಗಕ್ಕೆ ಇಳಿಯಿರಿ. ಸರ್ಕಾರಿ ವಿಶ್ವವಿದ್ಯಾಲಯ ಅಂದರೆ ಒಂದೇ ಸಂಸ್ಥೆ ಅಲ್ಲ, ಒಂದು ಕಾಂಪೌಂಡಿನೊಳಗಿನ ಹತ್ತಾರು ಸಂಸ್ಥೆಗಳು. ರಸಾಯನಶಾಸ್ತ್ರ ಜೋರಾಗಿದ್ದು ಪಕ್ಕದ ಕಟ್ಟಡದ ಇತಿಹಾಸ ವಿಭಾಗ ಇಬ್ಬರೇ ಅಧ್ಯಾಪಕರಲ್ಲಿ ಏದುಸಿರು ಬಿಡುತ್ತಿರಬಹುದು. ಜರ್ಮನಿಯ ಸಿಎಚ್‌ಇ ಎಂಬ ರ‍್ಯಾಂಕಿಂಗ್ ಇದನ್ನು ಸರಿಯಾಗಿ ಹಿಡಿದಿದೆ. ಅದು ಇಡೀ ವಿಶ್ವವಿದ್ಯಾಲಯಕ್ಕೆ ಸ್ಥಾನ ಕೊಡುವುದೇ ಇಲ್ಲ, ಒಂದೊಂದು ವಿಷಯವನ್ನೂ ಬೇರೆ ಬೇರೆ ನೋಡಿ ಮೇಲಿನ, ನಡುವಿನ, ಕೆಳಗಿನ ಗುಂಪು ಎಂದು ಹಂಚುತ್ತದೆ.

ವಿಭಾಗದ ವೆಬ್‌ಸೈಟ್‌ನಲ್ಲಿ ಅಧ್ಯಾಪಕರ ಪುಟ ತೆಗೆಯಿರಿ. ಖಾಯಂ ಎಷ್ಟು ಜನ, ಅತಿಥಿ ಉಪನ್ಯಾಸಕರು ಎಷ್ಟು, ಖಾಲಿ ಹುದ್ದೆ ಎಷ್ಟು ಎಂದು ಬೆರಳೆಣಿಸಿ. ಅತಿಥಿ ಉಪನ್ಯಾಸಕರಲ್ಲೂ ತುಂಬಾ ಚೆನ್ನಾಗಿ ಕಲಿಸುವವರು ಇದ್ದಾರೆ, ದೂರು ಅವರ ಮೇಲಲ್ಲ. ಆದರೆ ವರ್ಷ ವರ್ಷ ಬದಲಾಗುವ ಅಧ್ಯಾಪಕರನ್ನು ನಂಬಿಕೊಂಡು ಪ್ರಾಜೆಕ್ಟ್ ಮಾಡುವುದು, ಆಮೇಲೆ ಶಿಫಾರಸು ಪತ್ರ ಕೇಳುವುದು ಕಷ್ಟ. ನಿವೃತ್ತರಾದವರ ಹೆಸರೂ ಪುಟದಲ್ಲಿ ಉಳಿದಿರುತ್ತದೆ, ಜೋಪಾನ. ಸಿಲಬಸ್ ಕೊನೆಯ ಬಾರಿ ಯಾವ ವರ್ಷ ಬದಲಾಯಿತು ನೋಡಿ. ಕಳೆದ ಮೂರು ವರ್ಷದ ಪ್ರಶ್ನೆಪತ್ರಿಕೆಗಳನ್ನು ಪಕ್ಕಪಕ್ಕದಲ್ಲಿ ಇಡಿ. ಅವೇ ಪ್ರಶ್ನೆಗಳು ಹಿಂದೆ ಮುಂದೆ ಆಗಿ ಬಂದಿದ್ದರೆ ಅಲ್ಲಿ ಕಂಠಪಾಠ ಮಾಡಿದವರೇ ಗೆಲ್ಲುತ್ತಾರೆ. ನನ್ನ ಮಟ್ಟಿಗೆ ಯಾವ ರ‍್ಯಾಂಕಿಂಗ್‌ಗಿಂತಲೂ ಈ ಮೂರು ಪ್ರಶ್ನೆಪತ್ರಿಕೆಗಳು ಜಾಸ್ತಿ ಹೇಳುತ್ತವೆ.

ಮಾನ್ಯತೆ ಇದೆಯೋ ಇಲ್ಲವೋ ನೋಡಿಕೊಳ್ಳಿ. ವೃತ್ತಿಪರ ಕೋರ್ಸ್ ಆದರೆ ಆ ವೃತ್ತಿಯ ಮಂಡಳಿಯದ್ದೂ ಬೇಕು. ಐದು ನಿಮಿಷದ ಕೆಲಸ.

ಪ್ಲೇಸ್‌ಮೆಂಟ್ ಅಂಕಿಗಳ ಹತ್ತಿರ ಮಾತ್ರ ನಿಧಾನ. ಹತ್ತು ಜನರಲ್ಲಿ ಒಂಬತ್ತು ಜನಕ್ಕೆ ವರ್ಷಕ್ಕೆ ತಲಾ 4 ಲಕ್ಷ, ಒಬ್ಬರಿಗೆ 64 ಲಕ್ಷ ಸಂಬಳ ಸಿಕ್ಕಿದರೆ ಸರಾಸರಿ 10 ಲಕ್ಷ ಆಗುತ್ತದೆ. ಆ 10 ಲಕ್ಷ ಯಾರ ಕೈಗೂ ಬಂದಿಲ್ಲ! ಎಲ್ಲರನ್ನೂ ಸಂಬಳದ ಪ್ರಕಾರ ಸಾಲಾಗಿ ನಿಲ್ಲಿಸಿದರೆ ನಡುವೆ ಬರುವವರಿಗೆ ಎಷ್ಟು ಎಂದು ಕೇಳಿ, ಅದೇ ಮೀಡಿಯನ್. ‘ಶೇ 95 ಮಂದಿಗೆ ಕೆಲಸ’ ಅಂದರೆ ಯಾರಲ್ಲಿ ಶೇ 95? ಸೇರಿದವರಲ್ಲಾ, ಪಾಸಾದವರಲ್ಲಾ, ಸಂದರ್ಶನಕ್ಕೆ ಹೆಸರು ಕೊಟ್ಟವರಲ್ಲಾ? ನೂರು ಜನ ಸೇರಿ, ಅರವತ್ತು ಜನ ಪಾಸಾಗಿ, ಇಪ್ಪತ್ತು ಜನ ಹೆಸರು ಕೊಟ್ಟು, ಹತ್ತೊಂಬತ್ತು ಜನಕ್ಕೆ ಕೆಲಸ ಸಿಕ್ಕರೂ ಅದು ಶೇ 95 ಆಗುತ್ತದೆ. ಎಷ್ಟು ಜನ ಸೇರಿದರು, ಎಷ್ಟು ಜನ ಸರಿಯಾದ ಸಮಯಕ್ಕೆ ಡಿಗ್ರಿ ಮುಗಿಸಿದರು ಎಂಬ ಎರಡು ಅಂಕಿ ಕೇಳಿ ತೆಗೆದುಕೊಳ್ಳಿ. ಸರ್ಕಾರದ ಹಣದಲ್ಲಿ ನಡೆಯುವ ಸಂಸ್ಥೆಗಳ ವಾರ್ಷಿಕ ವರದಿಯಲ್ಲಿ ಇಂಥವು ಸಾಮಾನ್ಯವಾಗಿ ಇರುತ್ತವೆ, ಸ್ವಲ್ಪ ಹುಡುಕಬೇಕು.

ಹೋಲಿಸುವಾಗ ಒಂದು ನ್ಯಾಯವೂ ಬೇಕು. ಒಂದು ವಿಶ್ವವಿದ್ಯಾಲಯ ಅತಿ ಹೆಚ್ಚು ಅಂಕ ಪಡೆದವರನ್ನೇ ಆರಿಸಿಕೊಳ್ಳುತ್ತದೆ, ಇನ್ನೊಂದು ಮನೆಯಲ್ಲಿ ಮೊದಲ ಬಾರಿಗೆ ಕಾಲೇಜು ಕಂಡವರನ್ನೂ ಸೇರಿಸಿಕೊಳ್ಳುತ್ತದೆ. ಫಲಿತಾಂಶ ಮಾತ್ರ ನೋಡಿದರೆ ಮೊದಲನೆಯದೇ ಮೇಲು. ಕಲಿಸಿದ್ದು ಎಷ್ಟು ಎಂದು ನೋಡಿದರೆ ಎರಡನೆಯದೂ ಇರಬಹುದು.

ಹಾಗಂತ ಹೆಸರಿಗೆ ಬೆಲೆಯೇ ಇಲ್ಲವಾ? ಇದೆ ಮಾರಾಯ್ರೆ. ಮೊದಲ ಕೆಲಸಕ್ಕೆ ಅರ್ಜಿ ಹಾಕುವಾಗ, ಬೇರೆ ದೇಶಕ್ಕೆ ಓದಲು ಹೋಗುವಾಗ ಹೆಸರು ಬಾಗಿಲು ತೆರೆಸುತ್ತದೆ. ಆದರೆ ಯಾರ ನಡುವೆ ಹೆಸರು ಎಂದು ನೋಡಿ. ಲಿಂಕ್ಡ್‌ಇನ್‌ನಲ್ಲಿ ಆ ವಿಭಾಗದಿಂದ ಐದು ವರ್ಷದ ಹಿಂದೆ ಹೊರಬಂದ ಇಪ್ಪತ್ತು ಜನರನ್ನು ಹುಡುಕಿ. ಮೇಲೇರಿದವರನ್ನಷ್ಟೇ ಆರಿಸಬೇಡಿ, ಸಿಕ್ಕವರನ್ನು ಸಿಕ್ಕ ಹಾಗೆ ತೆಗೆದುಕೊಳ್ಳಿ. ಅಲ್ಲಿಗೂ ಕೆಲಸದಲ್ಲಿ ಮೇಲೆ ಬಂದವರೇ ಆ ಜಾಲತಾಣದಲ್ಲಿ ಜಾಸ್ತಿ ಇರುತ್ತಾರೆ, ಅದೊಂದು ನೆನಪಿರಲಿ.

ಕೊನೆಗೆ ಈಗ ಓದುತ್ತಿರುವ ಇಬ್ಬರು ಮೂವರನ್ನು ಮಾತಾಡಿಸಿ. ‘ಕಾಲೇಜು ಹೇಗಿದೆ?’ ಎಂದು ಕೇಳಿದರೆ ‘ಚೆನ್ನಾಗಿದೆ’ ಅನ್ನುತ್ತಾರೆ, ಅಲ್ಲಿಗೆ ಮುಗಿಯಿತು. ಕಳೆದ ವಾರ ಎಷ್ಟು ಕ್ಲಾಸ್ ನಡೆಯಲಿಲ್ಲ? ಪರೀಕ್ಷೆ ಮುಗಿದು ಎಷ್ಟು ದಿನಕ್ಕೆ ಫಲಿತಾಂಶ ಬಂತು? ಲೈಬ್ರರಿ ರಾತ್ರಿ ಎಷ್ಟು ಹೊತ್ತಿನವರೆಗೆ? ಹೀಗೆ ಕೇಳಿ. ಜೊತೆಗೆ ಎರಡೂ ವಿಭಾಗಗಳ ಮುಖ್ಯಸ್ಥರಿಗೆ ಒಂದೇ ಸಣ್ಣ ಪ್ರಶ್ನೆಯನ್ನು ಒಂದೇ ದಿನ ಇ-ಮೇಲ್ ಮಾಡಿ. ಪರೀಕ್ಷೆಯ ಸಮಯ ಬಿಟ್ಟು ಬೇರೆ ದಿನ ನೋಡಿಕೊಂಡು ಕಳಿಸಿ. ಯಾರಿಂದ, ಯಾವತ್ತು, ಏನು ಉತ್ತರ ಬಂತು ಎಂಬುದನ್ನೂ ಆ ಹಾಳೆಯಲ್ಲೇ ಬರೆದಿಡಿ.