ಇದರ ತೂಕ ಎಷ್ಟು? ನಡೆಯುವ ಯಂತ್ರಕ್ಕೆ ಅನಿಮೇಷನ್ ಮಾಡಿದ ನನ್ನ ಅನುಭವ

ಕಂಪ್ಯೂಟರ್‌ನಲ್ಲಿ ಮಾಡಿದ ನನ್ನ ನಾಲ್ಕು ಕಾಲಿನ ಯಂತ್ರ ಮೊದಲ ಸಲ ಪರದೆಯ ಮೇಲೆ ನಡೆದಾಗ ಖುಷಿಯಿಂದ ಒಬ್ಬ ಸ್ನೇಹಿತರಿಗೆ ತೋರಿಸಿದೆ. ಅವರು ಅನಿಮೇಷನ್‌ನವರಲ್ಲ, ಎಕ್ಸ್‌ಕವೇಟರ್ ರಿಪೇರಿ ಮಾಡುವ ಮೆಕ್ಯಾನಿಕ್. ಎರಡು ಸಲ ಸುಮ್ಮನೆ ನೋಡಿದರು. ಮೂರನೇ ಸಲ ಮಧ್ಯದಲ್ಲೇ ನಿಲ್ಲಿಸಿ ಕೇಳಿದರು: "ಇದರ ತೂಕ ಎಷ್ಟು ಅಂತ ಇಟ್ಕೊಂಡಿದ್ದೀರಿ?"

ನನ್ನ ಹತ್ತಿರ ಉತ್ತರ ಇರಲಿಲ್ಲ. ಮಾಡೆಲ್‌ನಲ್ಲಿ ಒಂದೊಂದು ಬೋಲ್ಟೂ ಇತ್ತು. ತುಕ್ಕಿನ ಕಲೆ ಇತ್ತು, ಎಣ್ಣೆ ಸೋರಿದ ಗುರುತೂ ಇತ್ತು. ತೂಕದ ಬಗ್ಗೆ ಮಾತ್ರ ನಾನು ಯೋಚಿಸಿಯೇ ಇರಲಿಲ್ಲ. "ಒಂದು ಕಾಲು ಎತ್ತಿದಾಗ ಮಿಕ್ಕ ಮೂರು ಕಾಲಿಗೆ ಏನೂ ಆಗ್ತಾ ಇಲ್ಲವಲ್ಲ," ಅಂದರು. "ಆ ಕಾಲು ಹೊತ್ತಿದ್ದ ಭಾರ ಎಲ್ಲಿ ಹೋಯ್ತು?"

ಅಲ್ಲಿಂದ ಮುಂದೆ ನಾನು ಮಾಡಿದ ಕೆಲಸವೆಲ್ಲ ಆ ಪ್ರಶ್ನೆಗೆ ಉತ್ತರ ಹುಡುಕಿದ್ದೇ.

ದೊಡ್ಡ ಯಂತ್ರವನ್ನು ಪಕ್ಕಕ್ಕಿಟ್ಟೆ. ನನ್ನ ಇಷ್ಟಕ್ಕೆ ಜಾಗವೇ ಇಲ್ಲದ ಒಂದು ಸಣ್ಣ ಯಂತ್ರದಿಂದ ಶುರು ಮಾಡಿದೆ. ಒಂದು ಕ್ರ್ಯಾಂಕ್, ಅಂದರೆ ಸುತ್ತುವ ಹಿಡಿಕೆಯಂಥ ತೋಳು, ತಿರುಗಿದರೆ ಸಾಕು, ಕಾಲು ತಾನಾಗಿ ನಡೆಯಬೇಕು. ರಷ್ಯಾದ ಗಣಿತಜ್ಞ ಪಫ್ನೂಟಿ ಚೆಬಿಷೆವ್ ಅಂಥದ್ದೊಂದು ನಡೆಯುವ ಯಂತ್ರ ಮಾಡಿದ್ದರು. ಅದು 1878ರ ಪ್ಯಾರಿಸ್ ವಸ್ತುಪ್ರದರ್ಶನದಲ್ಲಿತ್ತು. ಅದರ ಕಾಲಿನ ಲೆಕ್ಕ ತುಂಬಾ ಸರಳ. ಕ್ರ್ಯಾಂಕ್ 1 ಪಾಲು. ಕ್ರ್ಯಾಂಕಿನ ನಡುವಿನಿಂದ ಇನ್ನೊಂದು ಸ್ಥಿರ ಕೀಲಿಗೆ 2 ಪಾಲು. ಆ ಕೀಲಿನಿಂದ ತೂಗುವ ಸರಳು 2.5 ಪಾಲು. ಕ್ರ್ಯಾಂಕಿಗೆ ಸೇರಿದ ಉದ್ದ ಸರಳು 5 ಪಾಲು, ತೂಗುವ ಸರಳು ಅದರ ನಟ್ಟನಡುವೆ ಸೇರುತ್ತದೆ. ಉದ್ದ ಸರಳಿನ ಇನ್ನೊಂದು ತುದಿಯನ್ನು ನೋಡಿ. ಕ್ರ್ಯಾಂಕ್ ಅರ್ಧ ಸುತ್ತು ತಿರುಗುವಷ್ಟು ಹೊತ್ತು ಅದು ಹೆಚ್ಚುಕಡಿಮೆ ನೇರ ಗೆರೆಯಲ್ಲಿ ಹೋಗುತ್ತದೆ. ಉಳಿದ ಅರ್ಧದಲ್ಲಿ ಕಮಾನಿನ ಹಾಗೆ ಎದ್ದು ವಾಪಸ್ ಬರುತ್ತದೆ. ನೇರ ಗೆರೆ ನೆಲದ ಮೇಲಿನ ಹೆಜ್ಜೆ, ಕಮಾನು ಗಾಳಿಯಲ್ಲಿನ ಹೆಜ್ಜೆ. ಈ ಕೆಲಸಕ್ಕೆ ಹೊಸಬರು ಯಾರಾದರೂ ಕೇಳಿದರೆ ಮೊದಲು ಇದನ್ನೇ ಮಾಡಿ ಅಂತೀನಿ. ನಾಲ್ಕೇ ಅಳತೆ, ಒಂದೇ ಸಂಜೆ ಸಾಕು.

ಆಮೇಲೆ ನೆದರ್‌ಲ್ಯಾಂಡ್ಸ್‌ನ ಕಲಾವಿದ ಥಿಯೋ ಯಾನ್ಸೆನ್ ಅವರ ಕಾಲಿಗೆ ಕೈ ಹಾಕಿದೆ. 1990ರಿಂದ ಅವರು ಪ್ಲಾಸ್ಟಿಕ್ ಕೊಳವೆಗಳಲ್ಲಿ ಕಡಲತೀರದ ಮೇಲೆ ಗಾಳಿಗೆ ನಡೆಯುವ ಪ್ರಾಣಿಗಳನ್ನು ಕಟ್ಟುತ್ತಾ ಬಂದಿದ್ದಾರೆ. ಆ ಕಾಲಿನ ಅಳತೆಗಳನ್ನು ಅವರೇ ಎಲ್ಲರಿಗೂ ಕೊಟ್ಟಿದ್ದಾರೆ. ಕ್ರ್ಯಾಂಕ್ 15 ಪಾಲು, ಅದರ ನಡುವಿನಿಂದ ಸ್ಥಿರ ಕೀಲಿಗೆ ಅಡ್ಡಕ್ಕೆ 38, ಕೆಳಕ್ಕೆ 7.8. ಕ್ರ್ಯಾಂಕಿನಿಂದ ಹೊರಡುವ ಎರಡು ಸರಳು 50 ಮತ್ತು 61.9. ಹೀಗೇ ಪಾದದವರೆಗೆ.

ಇಲ್ಲಿ ನಾನೊಂದು ತಪ್ಪು ಮಾಡಿದೆ. ಮಾಮೂಲಿ ರಿಗ್ (ಮಾಡೆಲ್ ಆಡಿಸುವ ಒಳಗಿನ ಅಸ್ಥಿಪಂಜರ) ಮಾಡುವ ಹಾಗೆ ಸರಳುಗಳಿಗೆಲ್ಲ ಬೋನ್, ಅಂದರೆ ಮೂಳೆ, ಹಾಕಿ ಐಕೆ ಕಟ್ಟಿಬಿಟ್ಟೆ. ಐಕೆ ಅಂದರೆ ತುದಿ ಎಲ್ಲಿರಬೇಕು ಅಂತ ಹೇಳಿದರೆ ನಡುವಿನ ಕೀಲುಗಳನ್ನು ಕಂಪ್ಯೂಟರೇ ಮಡಚುವ ವಿಧಾನ. ದೂರದಿಂದ ನೋಡಿದರೆ ಚೆನ್ನಾಗೇ ನಡೆಯುತ್ತಿತ್ತು. ಹತ್ತಿರ ಹೋದರೆ ಕೀಲುಗಳು ಬಿಟ್ಟುಕೊಳ್ಳುತ್ತಿದ್ದವು. ಪಿನ್ನು ಒಂದು ಕಡೆ, ಅದು ಕೂರಬೇಕಾದ ತೂತು ಇನ್ನೊಂದು ಕಡೆ. ಐಕೆ ಸ್ವಲ್ಪ ಸ್ವಲ್ಪವೇ ಸರಿಪಡಿಸುತ್ತಾ ಉತ್ತರದ ಹತ್ತಿರಕ್ಕೆ ಹೋಗುತ್ತದೆ, ಇಷ್ಟು ಸಾಕು ಅನ್ನುವಲ್ಲಿ ನಿಲ್ಲುತ್ತದೆ. ಪ್ರಾಣಿಯ ಕಾಲಿಗೆ ಅದು ನಡೆಯುತ್ತೆ, ಚರ್ಮ ಮುಚ್ಚಿಕೊಳ್ಳುತ್ತೆ. ಕಬ್ಬಿಣದ ಕಾಲಿನಲ್ಲಿ ಕೀಲು ಎಲ್ಲರಿಗೂ ಕಾಣುತ್ತದೆ.

ಕೊನೆಗೆ ಹೈಸ್ಕೂಲಿನ ಕೈವಾರವೇ ಕೈ ಹಿಡಿಯಿತು. ಎರಡು ಸರಳುಗಳ ಒಂದೊಂದು ತುದಿ ಎಲ್ಲಿದೆ ಅಂತ ಗೊತ್ತಿದೆ, ಅವು ಸೇರುವ ಕೀಲು ಎಲ್ಲಿರಬೇಕು? ಆಯಾ ತುದಿಯಲ್ಲಿ ಕೈವಾರ ಊರಿ, ಸರಳಿನ ಉದ್ದಕ್ಕೆ ಒಂದೊಂದು ವೃತ್ತ ಎಳೆಯಿರಿ. ಎರಡು ವೃತ್ತ ಕೂಡುವ ಜಾಗವೇ ಕೀಲು. ಯಾನ್ಸೆನ್ ಕಾಲಿಗೆ ಇದನ್ನು ಐದು ಸಲ ಮಾಡಿದರೆ ಸಾಕು. ಮೇಲಿನ ಕೀಲು, ಹಿಂದಿನ ಕೀಲು, ಕೆಳಗಿನ ಕೀಲು, ಮಂಡಿ, ಆಮೇಲೆ ಪಾದ. ಪೈಥಾನ್‌ನಲ್ಲಿ ಸಣ್ಣದೊಂದು ಸ್ಕ್ರಿಪ್ಟ್ ಬರೆದೆ. ಪ್ರತಿ ಫ್ರೇಮ್‌ಗೂ, ಅಂದರೆ ಅನಿಮೇಷನ್‌ನ ಒಂದೊಂದು ಚಿತ್ರಕ್ಕೂ, ಲೆಕ್ಕ ಹಾಕಿ ಸರಳುಗಳನ್ನು ಕೂರಿಸುತ್ತದೆ. ಸರಳಿನ ಉದ್ದ ಕೂದಲೆಳೆಯಷ್ಟೂ ಬದಲಾಗುವುದಿಲ್ಲ.

ಒಂದು ತೊಡಕು ಮಾತ್ರ ಉಳಿಯಿತು. ಎರಡು ವೃತ್ತ ಎರಡು ಕಡೆ ಕೂಡುತ್ತವೆ. ಮೊದಲು "ಹಿಂದಿನ ಫ್ರೇಮ್‌ನ ಜಾಗಕ್ಕೆ ಯಾವುದು ಹತ್ತಿರವೋ ಅದನ್ನು ತಗೋ" ಅಂತ ಬರೆದಿದ್ದೆ. ಶುರುವಿನಿಂದ ಓಡಿಸಿದರೆ ಸರಿ ಇರುತ್ತಿತ್ತು. ಟೈಮ್‌ಲೈನ್‌ನಲ್ಲಿ ಎಲ್ಲೋ ಮಧ್ಯಕ್ಕೆ ಹಾರಿದರೆ ಮಂಡಿ ಉಲ್ಟಾ ಮಡಚಿಕೊಳ್ಳುತ್ತಿತ್ತು. ಆಮೇಲೆ ಒಂದೊಂದು ಕೀಲಿಗೂ ಎಡವೋ ಬಲವೋ ಅಂತ ಗಟ್ಟಿಯಾಗಿ ಹೇಳಿಟ್ಟೆ. ಅಲ್ಲಿಗೆ ಆ ತಾಪತ್ರಯ ಮುಗಿಯಿತು.

ಈ ಕಾಲು ನನಗೆ ಇನ್ನೊಂದು ಪಾಠ ಕಲಿಸಿತು, ಅದು ಇದಕ್ಕಿಂತ ದೊಡ್ಡದು. ನಾವು ಸಾಮಾನ್ಯವಾಗಿ ಮೊದಲು ಒಡಲನ್ನು ಮುಂದಕ್ಕೆ ಜರುಗಿಸುತ್ತೇವೆ, ಆಮೇಲೆ ಪಾದ ಜಾರದ ಹಾಗೆ ತಿದ್ದುತ್ತಾ ಕೂರುತ್ತೇವೆ. ಯಂತ್ರ ಹಾಗೆ ನಡೆಯುವುದಿಲ್ಲ. ಒಡಲಿಗೆ ತಾನಾಗಿ ಮುಂದೆ ಹೋಗುವ ಶಕ್ತಿ ಇಲ್ಲ, ಪಾದ ನೆಲವನ್ನು ಹಿಂದಕ್ಕೆ ತಳ್ಳಿದಾಗಲೇ ಅದು ಮುಂದೆ ಹೋಗೋದು. ಹಾಗಾಗಿ ನಾನು ಲೆಕ್ಕವನ್ನೇ ತಿರುಗಿಸಿದೆ. ಒಡಲನ್ನು ನಿಲ್ಲಿಸಿ ಕಾಲುಗಳನ್ನು ಗಾಳಿಯಲ್ಲೇ ಆಡಿಸುತ್ತೇನೆ. ಪ್ರತಿ ಫ್ರೇಮ್‌ನಲ್ಲಿ ಯಾವ ಪಾದ ಎಲ್ಲಕ್ಕಿಂತ ಕೆಳಗಿದೆ ಅಂತ ಸ್ಕ್ರಿಪ್ಟ್ ನೋಡುತ್ತದೆ. ಆ ಪಾದ ಎಷ್ಟು ಹಿಂದೆ ಹೋಯಿತೋ ಅಷ್ಟೇ ಒಡಲು ಮುಂದೆ. ಪಾದ ಎಷ್ಟು ಕೆಳಗಿಳಿಯಿತೋ ಅಷ್ಟೇ ಒಡಲು ಮೇಲೆ. ನಾನು ಒಂದು ಕೀಫ್ರೇಮ್ (ಕೈಯಾರೆ ಗುರುತಿಸುವ ಭಂಗಿ) ಕೂಡ ಹಾಕದೆ ಒಡಲು ಮೆಲ್ಲಗೆ ಏಳುತ್ತಾ ಇಳಿಯುತ್ತಾ ಹೋಯಿತು. ಒಂದು ಪಾದದಿಂದ ಇನ್ನೊಂದಕ್ಕೆ ಭಾರ ಬದಲಾಗುವ ಕಡೆ ವೇಗ ಸ್ವಲ್ಪ ಎಗರುತ್ತಿತ್ತು. ಅಲ್ಲಿ ಮೂರು ಫ್ರೇಮ್ ಮಟ್ಟಿಗೆ ಎರಡೂ ಪಾದಗಳ ಲೆಕ್ಕ ಬೆರೆಸಿದೆ. ಆ ಮೂರು ಫ್ರೇಮ್‌ನಲ್ಲಿ ಪಾದ ಒಂಚೂರು ಜಾರುತ್ತದೆ. ಮರಳಿನ ಮೇಲೆ ಅದು ನಿಜವೇ ಅಲ್ವಾ, ಹಾಗಾಗಿ ಅಲ್ಲಿ ನಾಲ್ಕು ಕಾಳು ಮರಳು ಚಿಮ್ಮಿಸಿದೆ.

ಇಷ್ಟಾದ ಮೇಲೆ ದೊಡ್ಡ ಯಂತ್ರಕ್ಕೆ ವಾಪಸ್ ಬಂದೆ. ಮೊದಲು ಒಂದು ಹಾಳೆಯಲ್ಲಿ ಬರೆದೆ: ಒಡಲು 4 ಟನ್, ಒಂದೊಂದು ಕಾಲು ಅರ್ಧ ಟನ್, ಒಟ್ಟು 6 ಟನ್. ಕಾಲಿನ ಉದ್ದ 4 ಮೀಟರ್. ನಾಲ್ಕು ಕಾಲಿನ ಮೇಲೆ ನಿಂತಾಗ ಒಂದೊಂದಕ್ಕೆ ಸರಾಸರಿ ಒಂದೂವರೆ ಟನ್. ಮೂರರ ಮೇಲೆ ನಿಂತಾಗ ಎರಡು ಟನ್. ಈ ಹಾಳೆಯನ್ನು ಮಾನಿಟರ್ ಪಕ್ಕದಲ್ಲೇ ಅಂಟಿಸಿಕೊಂಡೆ.

ನಂತರ ಸಮಯ. ಹಳೆಯ ಅನಿಮೇಷನ್‌ನಲ್ಲಿ ಕಾಲು ಹಿಂದಿನಿಂದ ಮುಂದಕ್ಕೆ 14 ಫ್ರೇಮ್‌ನಲ್ಲಿ ಬರುತ್ತಿತ್ತು. ಸೆಕೆಂಡಿಗೆ 24 ಫ್ರೇಮ್ ಲೆಕ್ಕದಲ್ಲಿ ಅದು ಅರ್ಧ ಸೆಕೆಂಡಿಗಿಂತ ಸ್ವಲ್ಪ ಜಾಸ್ತಿ. ಆಟಿಕೆಯ ಹಾಗೆ ಕಂಡಿದ್ದು ಅದಕ್ಕೇ. 1 ಮೀಟರ್ ದಾರಕ್ಕೆ ಕಲ್ಲು ಕಟ್ಟಿ ತೂಗಿದರೆ ಹೋಗಿ ಬರಲು ಸುಮಾರು 2 ಸೆಕೆಂಡ್ ಬೇಕು. 4 ಮೀಟರ್ ದಾರಕ್ಕೆ ಸುಮಾರು 4 ಸೆಕೆಂಡ್. ಉದ್ದ ನಾಲ್ಕು ಪಟ್ಟಾದರೆ ಸಮಯ ಎರಡು ಪಟ್ಟಾಗುತ್ತದೆ. ತೂಗುವ ಕಲ್ಲು ಒಂದು ಕಡೆಯಿಂದ ಇನ್ನೊಂದು ಕಡೆಗೆ ಹೋಗಲು 2 ಸೆಕೆಂಡ್ ಬೇಕಾದರೆ, ಅಷ್ಟೇ ಉದ್ದದ ಕಬ್ಬಿಣದ ಕಾಲು ಅರ್ಧ ಸೆಕೆಂಡಿನಲ್ಲಿ ಹಾರಿಬಂದರೆ ಯಾರು ನಂಬುತ್ತಾರೆ? ಹೈಡ್ರಾಲಿಕ್ಸ್ ತಳ್ಳುವುದರಿಂದ ಸ್ವಲ್ಪ ಬೇಗ ಬರಬಹುದು. ಹಾಗಾಗಿ ನಾನು ಒಂದೂವರೆ ಸೆಕೆಂಡ್, ಅಂದರೆ 36 ಫ್ರೇಮ್ ಇಟ್ಟೆ. ಬರೀ ಈ ಒಂದು ಬದಲಾವಣೆಗೇ ಯಂತ್ರ ಕಣ್ಣಿಗೆ ದೊಡ್ಡದಾಯಿತು.

ಯಾವ ಕಾಲಿನ ನಂತರ ಯಾವ ಕಾಲು? ಆನೆ ನಿಧಾನವಾಗಿ ನಡೆಯುವುದನ್ನು ನೋಡಿ: ಎಡ ಹಿಂಗಾಲು, ಎಡ ಮುಂಗಾಲು, ಬಲ ಹಿಂಗಾಲು, ಬಲ ಮುಂಗಾಲು. ಒಂದು ಸಲಕ್ಕೆ ಒಂದೇ ಕಾಲು ಎತ್ತಿ, ಉಳಿದ ಮೂರರ ಮೇಲೆ ಬೀಳದೆ ನಿಲ್ಲಬೇಕು ಅಂದರೆ ಇದಕ್ಕಿಂತ ಒಳ್ಳೆಯ ಸರದಿ ಇಲ್ಲ. ಮೆಕ್‌ಗೀ ಮತ್ತು ಫ್ರ್ಯಾಂಕ್ ಅನ್ನುವ ಇಬ್ಬರು 1968ರಲ್ಲಿ ಇದನ್ನು ಲೆಕ್ಕದಲ್ಲೇ ತೋರಿಸಿದ್ದಾರೆ. ಈ ಸರದಿಯಲ್ಲಿ ಇನ್ನೂ ಒಂದು ಅನುಕೂಲ ಇದೆ. ಎಡದ ಎರಡೂ ಕಾಲು ಒಂದರ ಹಿಂದೆ ಒಂದು ಮುಗಿಯುತ್ತವೆ, ಆಮೇಲೆ ಬಲದ ಎರಡು. ಹಾಗಾಗಿ ಒಡಲು ಒಂದು ಸುತ್ತಿನಲ್ಲಿ ಒಂದೇ ಸಲ ಬಲಕ್ಕೆ ವಾಲಿ ಒಂದೇ ಸಲ ಎಡಕ್ಕೆ ವಾಲಿದರೆ ಸಾಕು.

ಇದು ತಿಳಿದ ಮೇಲೆ ಎಲ್ಲ ಹೆಜ್ಜೆಗಳ ನಡುವೆಯೂ ಒಂದೇ ಅಂತರ ಇಡುವುದನ್ನು ಬಿಟ್ಟೆ. ಒಂದೇ ಬದಿಯ ಎರಡು ಕಾಲುಗಳ ನಡುವೆ 6 ಫ್ರೇಮ್ ಬಿಡುವು. ಬದಿ ಬದಲಾಗುವಾಗ 18 ಫ್ರೇಮ್. ಆ 18 ಫ್ರೇಮ್‌ನಲ್ಲಿ ನಾಲ್ಕು ಪಾದವೂ ನೆಲದ ಮೇಲಿರುತ್ತವೆ, 4 ಟನ್ ಒಡಲು ಒಂದು ಬದಿಯಿಂದ ಇನ್ನೊಂದು ಬದಿಗೆ ದಾಟುತ್ತದೆ. ಒಟ್ಟು ಸುತ್ತು 192 ಫ್ರೇಮ್, ಸರಿಯಾಗಿ 8 ಸೆಕೆಂಡ್. ಯಂತ್ರ ಅಷ್ಟರಲ್ಲಿ 3.2 ಮೀಟರ್ ಮುಂದೆ ಹೋಗುತ್ತದೆ.

ಒಡಲು ಎಷ್ಟು ವಾಲಬೇಕು ಅನ್ನುವುದಕ್ಕೆ ಕಣ್ಣಳತೆ ನಂಬಲಿಲ್ಲ. ನೆಲದ ಮೇಲೆ, ರೆಂಡರ್‌ನಲ್ಲಿ (ಕೊನೆಗೆ ತಯಾರಾಗುವ ಚಿತ್ರದಲ್ಲಿ) ಕಾಣದ ಹಾಗೆ, ಊರಿರುವ ಪಾದಗಳನ್ನು ಸೇರಿಸುವ ಒಂದು ಹಳದಿ ತ್ರಿಕೋನ ಹಾಕಿದೆ. ಇಡೀ ಯಂತ್ರದ ಭಾರದ ನಡುಬಿಂದು ಎಲ್ಲಿ ಬೀಳುತ್ತದೋ ಅಲ್ಲಿ ಒಂದು ಕೆಂಪು ಚುಕ್ಕೆ. ಕೆಂಪು ಚುಕ್ಕೆ ಹಳದಿಯ ಒಳಗಿದ್ದರೆ ಯಂತ್ರ ನಿಲ್ಲುತ್ತದೆ, ಹೊರಗೆ ಹೋದರೆ ಬೀಳುತ್ತದೆ. ಹಳೆಯ ಅನಿಮೇಷನ್‌ಗೂ ಇದೇ ಹಾಕಿ ನೋಡಿದೆ. ಕಾಲು ಎತ್ತಿದಾಗಲೆಲ್ಲ ಚುಕ್ಕೆ ಹೊರಗೆ. ಮೆಕ್ಯಾನಿಕ್ ಕಣ್ಣಿಗೆ ಚುಕ್ಕೆ ಇಲ್ಲದೆಯೇ ಅದು ಕಂಡಿತ್ತು.

ಮುಖ್ಯವಾದ ಮಾತು: ಮೊದಲು ಚುಕ್ಕೆ ಒಳಗೆ ಬರಬೇಕು, ಆಮೇಲೆ ಕಾಲು ಏಳಬೇಕು. ಎರಡೂ ಒಟ್ಟಿಗೆ ಶುರುವಾದರೆ ಭಾರವೆಲ್ಲ ಹೋಗಿಬಿಡುತ್ತದೆ. ನೀವೇ ಎದ್ದು ನಿಂತು ನಿಧಾನವಾಗಿ ಒಂದು ಕಾಲು ಎತ್ತಿ ನೋಡಿ. ಕಾಲು ಏಳುವ ಮೊದಲೇ ಸೊಂಟ ಇನ್ನೊಂದು ಕಡೆಗೆ ಸರಿದಿರುತ್ತದೆ.

ಆ ಸ್ನೇಹಿತರ ಜೊತೆ ಹೋಗಿ ಒಂದು ಇಡೀ ಬೆಳಿಗ್ಗೆ ಎಕ್ಸ್‌ಕವೇಟರ್ ಕೆಲಸ ಮಾಡುವುದನ್ನು ಫೋನಿನಲ್ಲಿ ಹಿಡಿದುಕೊಂಡು ಬಂದೆ. ಮನೆಯಲ್ಲಿ ಫ್ರೇಮ್ ಫ್ರೇಮ್ ಆಗಿ ನೋಡಿದೆ. ತೋಳು ಮೆಲ್ಲಗೆ ವೇಗ ಹಿಡಿದು ಮೆಲ್ಲಗೆ ನಿಲ್ಲುವುದಿಲ್ಲ. ವಾಲ್ವ್ ತೆರೆದ ಕೂಡಲೇ ಎರಡು ಮೂರು ಫ್ರೇಮ್‌ನಲ್ಲಿ ತನ್ನ ವೇಗಕ್ಕೆ ಬರುತ್ತದೆ, ಅದೇ ವೇಗದಲ್ಲಿ ಸಾಗುತ್ತದೆ, ವಾಲ್ವ್ ಮುಚ್ಚಿದಾಗ ಗಕ್ಕನೆ ನಿಲ್ಲುತ್ತದೆ. ತೋಳು ನಿಂತ ಮೇಲೆ ಬಕೆಟ್ ನಡುಗುತ್ತದೆ. ಕ್ಯಾಬಿನ್ ಹಿಂದೆ ಮುಂದೆ ಎರಡು ಸಲ ತೂಗುತ್ತದೆ. ಹೊತ್ತು ಹೋದಂತೆ ಕಾಲು ಎಷ್ಟು ಸರಿಯಿತು ಅಂತ ತೋರಿಸುವ ನನ್ನ ಗ್ರಾಫ್‌ನಲ್ಲಿ ಇದ್ದದ್ದೆಲ್ಲ ನುಣುಪಾದ ಎಸ್ ಆಕಾರದ ಕರ್ವ್. ಅದು ಬೆಕ್ಕಿನ ನಡಿಗೆಗೆ ಸರಿ. ಎಲ್ಲವನ್ನೂ ಅಳಿಸಿದೆ. ತುದಿಯಲ್ಲಿ ಸಣ್ಣ ತಿರುವು, ನಡುವೆ ನೇರ ಗೆರೆ, ಮತ್ತೆ ಸಣ್ಣ ತಿರುವು, ಹೀಗೆ ಮಾಡಿದೆ. ನಡುಕ ಮತ್ತು ತೂಗಾಟವನ್ನು ಅದರ ಮೇಲೆ ಬೇರೆಯಾಗಿ ಸೇರಿಸಿದೆ. ಕಾಲು ನೆಲ ಬಿಟ್ಟ ಕೂಡಲೇ ಆ ಮೂಲೆ ಅರ್ಧ ಟನ್ ಕಾಲಿನ ತೂಕಕ್ಕೆ ಸ್ವಲ್ಪವೇ ಬಗ್ಗುತ್ತದೆ. ಎರಡು ಸೆಂಟಿಮೀಟರ್, ಅಷ್ಟೇ. ಜಾಸ್ತಿ ಮಾಡಿದರೆ ರಬ್ಬರ್ ಆಗಿಬಿಡುತ್ತದೆ.

ಪಿಸ್ಟನ್ ಕೂರಿಸೋದು ಸುಲಭ. ಸಿಲಿಂಡರ್ ಒಂದು ಕೀಲಿನಲ್ಲಿ, ರಾಡ್ ಇನ್ನೊಂದರಲ್ಲಿ, ಎರಡೂ ಒಂದನ್ನೊಂದು ನೋಡುತ್ತಿರಬೇಕು. ಆದರೆ ಅಳತೆ ಮರೆಯಬೇಡಿ. ರಾಡ್ ಪೂರ್ತಿ ಒಳಗೆ ಹೋದಾಗ ಸಿಲಿಂಡರ್ ಒಳಗೇ ಹಿಡಿಯಬೇಕು, ಅಂದರೆ ಪೂರ್ತಿ ಚಾಚಿದ ಉದ್ದ ಮುಚ್ಚಿದ ಉದ್ದದ ಎರಡರಷ್ಟು ಆಗುವ ಹಾಗಿಲ್ಲ. ನನ್ನದು ಮುಚ್ಚಿದಾಗ 1.1 ಮೀಟರ್, ಚಾಚಿದಾಗ 1.9. ಇದಕ್ಕೆ ಹೊಂದದ ಹೆಜ್ಜೆಗಳನ್ನು ನಾನು ಕೈಬಿಟ್ಟೆ. ಮಂಡಿ ಇನ್ನೂ ಮೇಲೆ ಹೋದರೆ ಚೆನ್ನ ಅನ್ನಿಸಿದರೂ ಆ ಪಿಸ್ಟನ್‌ಗೆ ಅದು ಆಗದ ಕೆಲಸ.

ಇಷ್ಟೆಲ್ಲ ಯಾಕೆ, ಭಾರ, ಡಿಕ್ಕಿ ಎಲ್ಲವನ್ನೂ ಕಂಪ್ಯೂಟರೇ ಲೆಕ್ಕ ಹಾಕಿ ಆಡಿಸುವ ಫಿಸಿಕ್ಸ್ ಸಿಮ್ಯುಲೇಷನ್‌ಗೇ ಬಿಡಬಹುದಲ್ಲ ಅಂತ ಕೇಳಬಹುದು. ಅದನ್ನೂ ಮಾಡಿ ನೋಡಿದೆ. 4 ಟನ್ ಒಡಲು ಹಗುರವಾದ ಪಿನ್ನುಗಳ ಮೇಲೆ ಕೂತಾಗ ಕೀಲುಗಳು ಎಳೆದುಕೊಂಡು ನಡುಗಿದವು. ಭಾರದ ವಸ್ತು ಹಗುರದ ವಸ್ತುವಿನ ಮೇಲೆ ಕೂತರೆ ಈ ಲೆಕ್ಕಗಳು ತತ್ತರಿಸುವುದು ಸಾಮಾನ್ಯ. ಒಂದು ಫ್ರೇಮ್‌ನೊಳಗಿನ ಹಂತಗಳನ್ನು ಹೆಚ್ಚಿಸಿದೆ, ಸುಧಾರಿಸಿತು, ಆದರೆ ಸಾಕಾಗಲಿಲ್ಲ. ಕೊನೆಗೆ ನೇತಾಡುವ ಸರಪಳಿ, ಹೈಡ್ರಾಲಿಕ್ ಪೈಪ್, ಪಾದದಡಿಯ ಜಲ್ಲಿ, ಇಷ್ಟನ್ನು ಮಾತ್ರ ಸಿಮ್ಯುಲೇಷನ್‌ಗೆ ಕೊಟ್ಟೆ. ನಡಿಗೆ ನನ್ನ ಕೈಯಲ್ಲೇ ಇರಲಿ ಅಂತ ಉಳಿಸಿಕೊಂಡೆ.

ಪಾದ ಊರುವ ಫ್ರೇಮ್‌ಗೆ ನಾನು ಎಲ್ಲಕ್ಕಿಂತ ಜಾಸ್ತಿ ಹೊತ್ತು ಕೊಟ್ಟೆ. ಪಾದ ನೆಲ ಮುಟ್ಟುತ್ತದೆ. ಆಗ ಅದರ ಮೇಲೆ ಇನ್ನೂ ಭಾರ ಇಲ್ಲ. ನಾಲ್ಕೈದು ಫ್ರೇಮ್ ಆದ ಮೇಲೆ ಒಡಲಿನ ಭಾರ ಇತ್ತ ಬರುತ್ತದೆ, ಆಗ ಕಣಕಾಲಿನ ಸ್ಪ್ರಿಂಗ್ ಕುಗ್ಗುತ್ತದೆ, ಜಲ್ಲಿ ಪಕ್ಕಕ್ಕೆ ಸರಿಯುತ್ತದೆ, ಪಾದ ಎರಡು ಬೆರಳಷ್ಟು ನೆಲಕ್ಕೆ ಇಳಿಯುತ್ತದೆ. ಮುಟ್ಟುವುದು ಬೇರೆ, ಭಾರ ಬರುವುದು ಬೇರೆ. ಹಳೆಯದರಲ್ಲಿ ಎರಡನ್ನೂ ಒಂದೇ ಫ್ರೇಮ್‌ನಲ್ಲಿ ಮಾಡಿದ್ದೆ, ಸುತ್ತಿಗೆ ಬಡಿದ ಹಾಗೆ ಕಾಣುತ್ತಿತ್ತು.

ಮುಗಿದ ಮೇಲೆ ಅದೇ ಸ್ನೇಹಿತರನ್ನು ಕರೆದು ತೋರಿಸಿದೆ. ಈ ಸಲ ತೂಕ ಕೇಳಲಿಲ್ಲ. ನಾಲ್ಕೈದು ಸಲ ಓಡಿಸಿ ನೋಡಿದರು. ಆಮೇಲೆ ಪರದೆಗೆ ಬೆರಳಿಟ್ಟು, "ಎಡ ಹಿಂಗಾಲಿನ ಈ ಪೈಪ್ ತುಂಬಾ ಬಿಗಿ ಆಯ್ತು. ಕಾಲು ಪೂರ್ತಿ ಚಾಚಿದಾಗ ಫಿಟಿಂಗ್ ಹತ್ತಿರ ಕಿತ್ತುಕೊಂಡು ಬರುತ್ತೆ," ಅಂದರು. ಅವರು ಹೋದ ಮೇಲೆ ಆ ಪೈಪನ್ನು ಹದಿನೈದು ಸೆಂಟಿಮೀಟರ್ ಉದ್ದ ಮಾಡಿ, ಮತ್ತೆ ರೆಂಡರ್‌ಗೆ ಹಾಕಿದೆ.