ಕೈ ಎತ್ತಿಸುವ ಮೊದಲು ಪಾಲು ಗೊತ್ತುಮಾಡಿ: ಅಪಾರ್ಟ್‌ಮೆಂಟಿನ ದೊಡ್ಡ ಖರ್ಚಿಗೆ ಮತ ಹಾಕಿಸುವ ಕ್ರಮ

ಬೆಂಗಳೂರಿನ 12 ಮನೆಗಳ ಒಂದು ಕಟ್ಟಡ ಎಂದುಕೊಳ್ಳಿ. ಜೋರು ಮಳೆಯಾದರೆ ನೆಲಮಹಡಿಯ 5 ಮನೆಗಳಿಗೆ ನೀರು ನುಗ್ಗುತ್ತದೆ. ಚರಂಡಿ ಅಗಲಿಸಿ, ಸಂಪು ತೋಡಿ, ಪಂಪು ಕೂರಿಸಲು 6,00,000 ರೂಪಾಯಿ, ಅಂದರೆ ಸಮಪಾಲಿನಲ್ಲಿ ಮನೆಗೆ 50,000. ಈ ಕೆಲಸ ನೆಲಮಹಡಿಯ ಪ್ರತಿ ಮನೆಗೆ 1,20,000 ರೂಪಾಯಿಯಷ್ಟು ಬೆಲೆಬಾಳುತ್ತದೆ. ಮೇಲಿನ 7 ಮನೆಗಳಿಗೂ ಪಾರ್ಕಿಂಗ್ ಒಣಗಿರುತ್ತದೆ, ಮೀಟರ್ ಬೋರ್ಡು ಉಳಿಯುತ್ತದೆ. ಅವರಿಗೆ ತಲಾ 30,000. ಒಟ್ಟು ಪ್ರಯೋಜನ 8,10,000, ಖರ್ಚಿಗಿಂತ ಹೆಚ್ಚು. ಆದರೂ ಮೀಟಿಂಗಿನಲ್ಲಿ 7–5ರಿಂದ ಬಿದ್ದುಹೋಗುತ್ತದೆ.

ಅದೇ 6,00,000ಕ್ಕೆ ಲಾಬಿಗೆ ಗ್ರಾನೈಟ್ ಹಾಕಿಸುವ ಮಾತು ಬಂದರೆ? 7 ಮನೆಯವರಿಗೆ ಅದು ತಲಾ 60,000ದಷ್ಟು ಬೇಕು, ಉಳಿದ ಐವರಿಗೆ 10,000ದಷ್ಟು. ಒಟ್ಟು 4,70,000, ಅಂದರೆ ನಷ್ಟದ ಕೆಲಸ. ಆದರೆ ಇದು ಪಾಸಾಗುತ್ತದೆ! ಮತ ತಲೆ ಎಣಿಸುತ್ತದೆ, ಎಷ್ಟು ಬೇಕು ಎಂಬುದನ್ನು ಎಣಿಸುವುದಿಲ್ಲ. ಆದ್ದರಿಂದ ಪಾಲು ಹಂಚುವುದೇ ಅರ್ಧ ಕೆಲಸ.

ಮೊದಲು ಜಿಎಸ್‌ಟಿ ಸೇರಿಸಿ ಮೂರು ಕೊಟೇಶನ್ ತರಿಸಿ. "ಚರಂಡಿ ಸರಿಮಾಡಿಸೋಣವೇ?" ಎಂದು ಬರೀ ಕೇಳಬೇಡಿ. ನಿಮ್ಮ ಮನೆಗೆ ಇಷ್ಟು ಬೀಳುತ್ತದೆ, ಒಪ್ಪಿಗೆಯೇ ಎಂದು ಮೊತ್ತದ ಸಮೇತ ಕೇಳಿ.

ಪಾಲನ್ನು ಪ್ರಯೋಜನಕ್ಕೆ ಹೊಂದಿಸಿ: ನೆಲಮಹಡಿಗೆ ತಲಾ 90,000, ಮೇಲಿನವರಿಗೆ ತಲಾ 21,430. ಮೊತ್ತ ತುಂಬುತ್ತದೆ, ಹನ್ನೆರಡು ಮನೆಗೂ ಲಾಭವೇ. ಗ್ರಾನೈಟಿಗೆ ಹೇಗೆ ಹಂಚಿದರೂ ಎಲ್ಲರಿಗೂ ಲಾಭವಾಗದು. ಅದೇ ಅದನ್ನು ಕೈಬಿಡಬೇಕೆಂಬ ಗುರುತು.

ಆದರೆ "ನಿಮಗೆ ಎಷ್ಟು ಪ್ರಯೋಜನ?" ಎಂದು ಕೇಳಿ ಅದರ ಮೇಲೆ ಪಾಲು ಹಾಕಿದರೆ ಎಲ್ಲರೂ ಕಡಿಮೆಯೇ ಹೇಳುತ್ತಾರೆ. ಕೆಲಸವಾದ ಮೇಲೆ ನೀರು ಯಾರ ಮನೆಗೂ ನುಗ್ಗುವುದಿಲ್ಲವಲ್ಲ, ಹೆಚ್ಚು ಹೇಳಿದವರೇ ಹೆಚ್ಚು ಕೊಡಬೇಕು. ಹಾಗಾಗಿ ಕಣ್ಣಿಗೆ ಕಾಣುವ ಅಳತೆಯನ್ನೇ ಹಿಡಿಯಿರಿ: ಯಾವ ಮಹಡಿ, ಹಿಂದಿನ ಮಳೆಯಲ್ಲಿ ಗೋಡೆಯ ಮೇಲೆ ಉಳಿದ ನೀರಿನ ಗುರುತು ಎಷ್ಟು ಎತ್ತರ.

ಕಟ್ಟಡ 1972ರ ಕರ್ನಾಟಕ ಅಪಾರ್ಟ್‌ಮೆಂಟ್ ಒಡೆತನ ಕಾಯ್ದೆಯಡಿ ಬಂದಿದ್ದರೆ ಸಾಮಾನ್ಯ ಖರ್ಚು ಅವಿಭಜಿತ ಪಾಲಿನ (ಕಟ್ಟಡದ ಸಾಮಾನ್ಯ ಭಾಗಗಳಲ್ಲಿ ಪ್ರತಿ ಮನೆಗಿರುವ ಹಕ್ಕಿನ) ಪ್ರಮಾಣದಲ್ಲೇ ಬೀಳುತ್ತದೆ. ಬಹುಮತದಿಂದ ಅದನ್ನು ಬದಲಿಸಲು ಹೋಗಬೇಡಿ. ನೆಲಮಹಡಿಯವರ ಹೆಚ್ಚುವರಿ ಹಣವನ್ನು ಸ್ವಇಚ್ಛೆಯ ವಂತಿಗೆಯಾಗಿ ಲಿಖಿತದಲ್ಲಿ ಪಡೆಯಿರಿ, ಉಳಿದುದನ್ನಷ್ಟೇ ಎಲ್ಲರಿಗೂ ಹಂಚಿ. ವಂತಿಗೆಗೆ ಷರತ್ತು ಇರಲಿ: ನಿಗದಿತ ದಿನದೊಳಗೆ ಪೂರ್ತಿ ಮೊತ್ತ ಸೇರದಿದ್ದರೆ ಹಣ ವಾಪಸ್. ಈ ಭರವಸೆ ಇಲ್ಲದಿದ್ದರೆ ಮೊದಲು ಕೊಡಲು ಯಾರೂ ಮುಂದೆ ಬರುವುದಿಲ್ಲ.

ಕೆಲಸ ಎಷ್ಟು ದೊಡ್ಡದಿರಬೇಕು ಎಂಬುದಕ್ಕೆ ಮೂರು ಆಯ್ಕೆಗಳನ್ನು ಒಮ್ಮೆಲೇ ಮುಂದಿಡಬೇಡಿ. ಮತ 5, 4, 3 ಎಂದು ಒಡೆದರೆ ಏಳು ಮಂದಿಗೆ ಬೇಡದ್ದೇ ಗೆದ್ದುಬಿಡಬಹುದು. ಚಿಕ್ಕದರಿಂದ ಹತ್ತಿ: ಮೊದಲು ಚರಂಡಿ ಮತ್ತು ಪಂಪು, ಆಮೇಲೆ ಪಂಪಿಗೆ ಜನರೇಟರ್, ಆಮೇಲೆ ಎರಡನೇ ಪಂಪು. ಪ್ರತಿ ಮೆಟ್ಟಿಲಿಗೂ ಮನೆಗೆ ಬೀಳುವ ಹೆಚ್ಚುವರಿ ಮೊತ್ತ ಹೇಳಿ ಮತ ಹಾಕಿಸಿ. ಬಹುಮತ ತಪ್ಪಿದಲ್ಲಿ ನಿಲ್ಲಿಸಿ. ಜನರೇಟರನ್ನು ಅಲಂಕಾರವೆಂದು ಬಿಡಬೇಡಿ, ಜೋರು ಮಳೆಯಲ್ಲೇ ಕರೆಂಟ್ ಹೋಗುವುದು. ಗ್ರಾನೈಟನ್ನು ಚರಂಡಿಯ ಜೊತೆ ಒಂದೇ ಠರಾವಿನಲ್ಲಿ ಕಟ್ಟಲೂಬೇಡಿ.

ಪ್ರಯೋಜನವನ್ನು ಕೇಳಿಯೇ ತಿಳಿಯಲು 1971ರಲ್ಲಿ ಅರ್ಥಶಾಸ್ತ್ರಜ್ಞ ಎಡ್ವರ್ಡ್ ಕ್ಲಾರ್ಕ್ ವಿವರಿಸಿದ ಒಂದು ಪದ್ಧತಿಯಿದೆ. ಕೆಲಸ ತಮಗೆ ಎಷ್ಟು ಬೆಲೆಬಾಳುತ್ತದೆ ಎಂದು ಪ್ರತಿಯೊಬ್ಬರೂ ಬರೆದುಕೊಡುತ್ತಾರೆ. ಒಬ್ಬರು ಬರೆದ ಮೊತ್ತದಿಂದಲೇ ತೀರ್ಮಾನ ಬದಲಾದರೆ, ಅದರಿಂದ ಉಳಿದವರಿಗಾದ ನಷ್ಟದಷ್ಟು ದಂಡ ಅವರು ಕಟ್ಟಬೇಕು. ಆಗ ನಿಜ ಹೇಳುವುದೇ ಲಾಭ. ಆದರೆ ಆ ದಂಡದ ಹಣವನ್ನು ಮತ ಹಾಕಿದವರಿಗೇ ಹಂಚಿದರೆ ಪದ್ಧತಿ ಕೆಡುತ್ತದೆ, ನಾಲ್ಕು ಮನೆಯವರು ಒಳಗೊಳಗೇ ಮಾತಾಡಿಕೊಂಡರೂ ಕೆಡುತ್ತದೆ. ಹನ್ನೆರಡು ಮನೆಗೆ ಷರತ್ತಿನ ವಂತಿಗೆಯೇ ಸಾಕು.

ಪಂಪಿನ ವಾರ್ಷಿಕ ಸರ್ವಿಸ್, ಮಳೆಗಾಲಕ್ಕೆ ಮುಂಚೆ ಹೂಳು ತೆಗೆಸುವ ಕೂಲಿ, ಡೀಸೆಲ್, ಇವನ್ನೂ ಅದೇ ಠರಾವಿನಲ್ಲಿ ತಿಂಗಳ ಮೆಂಟೆನೆನ್ಸಿಗೆ ಸೇರಿಸಿ. ಬೇರೆ ಮೀಟಿಂಗಿಗೆ ಬಿಟ್ಟರೆ ಅಷ್ಟರಲ್ಲಿ ನೆಲಮಹಡಿ ಒಣಗಿರುತ್ತದೆ, ಕೈ ಎತ್ತುವವರು ಸಿಗುವುದಿಲ್ಲ, ಮರುವರ್ಷ ಪಂಪು ಹೂಳಿನಲ್ಲಿ ಜಾಮ್ ಆಗಿರುತ್ತದೆ.