ಜೇಡದ ಕಣ್ಣಿಗೆ ಫೋಕಸ್ ಸಿಗದಿದ್ದರೆ

ಜಿಗಿಯುವ ಜೇಡದ ಚಿತ್ರ ಮಸುಕಾಗುತ್ತಿದೆ ಎಂದು ಹೊಸ ಲೆನ್ಸ್‌ಗೆ ದುಡ್ಡು ಸುರಿಯಬೇಡಿ. ಆಟೋ ಫೋಕಸ್ ಬಂದ್ ಮಾಡಿ, ಮ್ಯಾಕ್ರೋ ಲೆನ್ಸಿನ (ಪುಟ್ಟ ಜೀವಿಗಳನ್ನು ಹತ್ತಿರದಿಂದ ತೆಗೆಯುವ ಲೆನ್ಸ್) ಫೋಕಸ್ ಉಂಗುರವನ್ನು 1:1ಕ್ಕೆ, ಅಂದರೆ ಜೇಡ ಸೆನ್ಸರಿನ ಮೇಲೆ ಅದರ ನಿಜ ಗಾತ್ರದಲ್ಲೇ ಮೂಡುವ ಗುರುತಿಗೆ, ತಿರುಗಿಸಿ ಹಾಗೆಯೇ ಬಿಡಿ. ಆಮೇಲೆ ಮೊಣಕೈಯನ್ನು ನೆಲಕ್ಕೋ ಮರಕ್ಕೋ ಊರಿ, ಮೈಯನ್ನೇ ಕೂದಲೆಳೆಯಷ್ಟು ಹಿಂದೆ ಮುಂದೆ ಸರಿಸುತ್ತ, ಎದುರಿನ ಎರಡು ದೊಡ್ಡ ಕಣ್ಣುಗಳು ಸ್ಪಷ್ಟವಾದ ಕ್ಷಣ ಗುಂಡಿ ಒತ್ತಿ. ಲೆನ್ಸಿನ ಬೆಳಕಿಂಡಿಯನ್ನು ಎಫ್/11ರಷ್ಟು ಕಿರಿದು ಮಾಡಿದರೂ ಚೊಕ್ಕವಾಗಿ ಸಿಗುವುದು ಒಂದೆರಡು ಮಿಲಿಮೀಟರ್ ಮಾತ್ರ. ಕಣ್ಣು ಸಿಕ್ಕರೆ ಬೆನ್ನು ಮಸುಕಾದರೂ ಚಿಂತೆಯಿಲ್ಲ. ಸುಮ್ಮನೆ ಕಾದರೆ ಜೇಡ ತಾನೇ ತಿರುಗಿ ನಿಮ್ಮನ್ನು ನೋಡುತ್ತದೆ, ಅದಕ್ಕೂ ಕುತೂಹಲ ಜಾಸ್ತಿ.

ಫ್ಲ್ಯಾಶ್ ಬೆಳಕು ನೇರ ಬಿದ್ದರೆ ಆ ಕಣ್ಣುಗಳಲ್ಲಿ ಬಿಳಿ ಚುಕ್ಕೆ ಉರಿಯುತ್ತದೆ. ಬಟರ್ ಪೇಪರನ್ನು ಫ್ಲ್ಯಾಶ್‌ನ ಮುಂದಿನಿಂದ ಲೆನ್ಸಿನ ತುದಿಯವರೆಗೆ ಬಾಗಿಸಿ ಕಟ್ಟಿದರೆ ಸಾಕು, ಬೆಳಕು ಹರಡಿ ಮೆತ್ತಗಾಗುತ್ತದೆ. ನನ್ನದು ಸಿಹಿತಿಂಡಿ ಡಬ್ಬಿಯೊಳಗಿನದು, ತುಪ್ಪದ ಕಲೆಯೂ ಇದೆ!

ಮಾವಿನ ಮರದಲ್ಲಿ ಚಗಳಿ ಇರುವೆಗಳ ಸಾಲಿದ್ದರೆ, ಆಸುಪಾಸಿನಲ್ಲಿ ಒಂಟಿಯಾಗಿ ಓಡಾಡುವ ‘ಇರುವೆ’ಯ ಕಾಲು ಎಣಿಸಿ. ಎಂಟಿದ್ದರೆ ಅದು ವೇಷ ಹಾಕಿದ ಜೇಡ. ಮುಂಗಾಲುಗಳನ್ನು ಇರುವೆಯ ಮೀಸೆಯಂತೆ ಎತ್ತಿ ಆಡಿಸುತ್ತಿರುತ್ತದೆ.

ಕೀಟಗಳನ್ನು ಫ್ರಿಜ್ಜಿನಲ್ಲಿಟ್ಟು ಮರಗಟ್ಟಿಸುವ ಉಪಾಯ ಮಾತ್ರ ಬೇಡ. ಚಳಿಗಾಲದಲ್ಲಿ ಬೆಳಗ್ಗೆ ಆರೂವರೆಗೆ ಹೋಗಿ, ಇಬ್ಬನಿ ಹೊದ್ದು ತಾವೇ ಅಲುಗಾಡದೆ ಕುಳಿತಿರುತ್ತವೆ.